ತುಂಗೆಯಲ್ಲಿ ಓಡದ ಸ್ಟೀಮರು

ಶಿವಮೊಗ್ಗದ ಹೊಸಮನೆ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ನನ್ನ ಸ್ಟುಡಿಯೋ ಇದೆ. ಹೆಸರಿಗಷ್ಟೇ ಸ್ಟುಡಿಯೋ. ಈಗ ಅಲ್ಲಿ ನಡೆಯುವುದು ಪಾಸ್‌ಪೋರ್ಟ್ ಸೈಜಿನ ಫೋಟೋ, ಲ್ಯಾಮಿನೇಷನ್, ಮತ್ತೆ ಹಳೇ ಫೋಟೋ ಸರಿಮಾಡುವ ಕೆಲಸ. ತಿಥಿಗೆ ನಾಲ್ಕು ದಿನ ಇದೆ ಎನ್ನುವಾಗ ಜನ ಬೂಷ್ಟು ಹಿಡಿದ ಚಿತ್ರ ಹಿಡಿದುಕೊಂಡು ಬರುತ್ತಾರೆ. ನಾನು ಸ್ಕ್ಯಾನ್ ಮಾಡಿ, ಕಲೆ ತೆಗೆದು, ಹರಿದುಹೋದ ಕಿವಿಯನ್ನೋ ಅಳಿಸಿಹೋದ ಕುಂಕುಮವನ್ನೋ ಕೂಡಿಸಿ ಕೊಡುತ್ತೇನೆ. ಮೂವತ್ತು ವರ್ಷದ ಮೇಲಾಯಿತು. ಯಾರ ಯಾರದೋ ಮನೆಯವರ ಮುಖಗಳನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೆ ಯಾವ ಮುಖವೂ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ ತಪ್ಪಿಗೆ ಈ ಅಭ್ಯಾಸವೂ ಒಂದು ಕಾರಣ.

ತುಂಗೆಯ ದಂಡೆಯಲ್ಲಿ ಹೊಸದಾಗಿ ಆಗಿರುವ ನಡೆದಾರಿಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ನಾವು ಹತ್ತು ಹದಿನೈದು ಜನ ಇದ್ದೇವೆ. ಬ್ಯಾಂಕಿನಿಂದ ರಿಟೈರಾದವರು, ಅಡಿಕೆ ಮಂಡಿಯವರು, ಇಬ್ಬರು ಮೇಷ್ಟ್ರು. ಕಳೆದ ವರ್ಷ ಅವರಲ್ಲೊಬ್ಬರಿಗೆ ಹೊಳೆದಂಡೆಯ ಹಳೇ ಫೋಟೋಗಳ ಪ್ರದರ್ಶನ ಮಾಡಬೇಕು ಅನ್ನಿಸಿತು. ಎರಡು ಭಾನುವಾರ ಬೆಳಿಗ್ಗೆ, ದಾರಿಯ ಪಕ್ಕದ ಕಂಬಿಗೆ ಚಿತ್ರಗಳನ್ನು ಕಟ್ಟುವುದು, ಅಷ್ಟೇ. ಚಿತ್ರ ಕಲೆಹಾಕಿ ದೊಡ್ಡದು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ವಾಟ್ಸಾಪ್‌ನಲ್ಲಿ ಸುದ್ದಿ ಬಿಟ್ಟೆವು. ಬಂದ ಚಿತ್ರಗಳು ಮಾತ್ರ ಸಪ್ಪೆ. ನೆರೆ ಬಂದಾಗಿನ ಸೇತುವೆ, ನೆತ್ತಿ ಮಾತ್ರ ಕಾಣುವ ಹೊಳೆ ನಡುವಿನ ಮಂಟಪ, ಬಂಡೆ ಮೇಲೆ ಒಣಹಾಕಿದ ಬಟ್ಟೆ. ಉಳಿದದ್ದೆಲ್ಲ ನೀರಿಗೆ ಬೆನ್ನು ಹಾಕಿ ಸಾಲಾಗಿ ನಿಂತ ನೆಂಟರು.

ಹೀಗಿರುವಾಗ ಭದ್ರಾವತಿಯಿಂದ ಒಬ್ಬರು ಟೀಚರು ಬಂದರು. ವಯಸ್ಸು ಎಪ್ಪತ್ತು ದಾಟಿತ್ತು. ಫ್ಯಾಕ್ಟರಿ ಕಡೆಯ ಪ್ರೈಮರಿ ಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಪಾಠ ಮಾಡಿ ನಿವೃತ್ತರಾದವರು. ಮನೆಮಾತು ತಮಿಳು, ಆದರೆ ಕನ್ನಡ ನನಗಿಂತ ಶುದ್ಧ. ಮದುವೆಯಾಗಿರಲಿಲ್ಲ. ಕೈಚೀಲದಿಂದ ಒಂದು ತಗಡಿನ ಡಬ್ಬ ತೆಗೆದು ಟೇಬಲ್ ಮೇಲಿಟ್ಟು, ತಮ್ಮ ತಂದೆಯ ಕಾಲದ ಫೋಟೋಗಳಿವೆ, ತುಂಗಾ ನದಿಯಲ್ಲಿ ಸ್ಟೀಮ್ ಬೋಟು ಓಡುತ್ತಿದ್ದಾಗಿನವು ಎಂದರು.

ನಾನು ಡಬ್ಬ ತೆರೆದೆ. ಹನ್ನೊಂದು ಚಿತ್ರಗಳಿದ್ದವು. ಎಣ್ಣೆಬಟ್ಟೆಯಲ್ಲಿ ಸುತ್ತಿದ್ದರಿಂದ ಅಂಚು ಬಿಟ್ಟರೆ ಒಳಗೇನೂ ಕೆಟ್ಟಿರಲಿಲ್ಲ. ಮೊದಲನೆಯದರಲ್ಲಿ ಎರಡು ಅಂತಸ್ತಿನ ಅಗಲವಾದ ಹಡಗು, ಉದ್ದನೆಯ ಹೊಗೆಕೊಳವೆ, ಪಕ್ಕದಲ್ಲಿ ಮನೆಯಷ್ಟು ಎತ್ತರದ ಚಕ್ರ. ದಡದಿಂದ ಹಡಗಿಗೆ ಎರಡು ಹಲಗೆ ಹಾಕಿ, ಒಂದರಲ್ಲಿ ಮೂಟೆ ಹೊತ್ತವರು ಹತ್ತುತ್ತಿದ್ದರು, ಇನ್ನೊಂದರಲ್ಲಿ ಬರಿಗೈಯವರು ಇಳಿಯುತ್ತಿದ್ದರು. ಇನ್ನೊಂದರಲ್ಲಿ ಮರಳಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಸಾಲು. ಮತ್ತೊಂದರಲ್ಲಿ ಮೆಟ್ಟಿಲ ಮೇಲೆ ಕ್ಷೌರ ಮಾಡಿಸಿಕೊಳ್ಳುತ್ತಿರುವವನ ಅರ್ಧ ಬೋಳಾದ ತಲೆ, ಅದರ ಹಿಂದೆ ನೀರಿಗಿಳಿದ ದನ, ಅದರಾಚೆ ಒಂದರ ಪಕ್ಕ ಒಂದು ಐದು ಸ್ಟೀಮರು. ಬೆಳಕು ಎಷ್ಟು ಚೆನ್ನಾಗಿತ್ತೆಂದರೆ ಮಡಕೆಯ ಬಾಯಿಯ ಹೊಳಪು ಕೂಡ ಉಳಿದಿತ್ತು.

ಇದು ತುಂಗೆಯಲ್ಲ ಎಂದು ನನಗೆ ಆಗಲೇ ಅನ್ನಿಸಿತು. ನಾನು ಈ ಹೊಳೆಯಲ್ಲಿ ಈಜು ಕಲಿತವನು. ಆಚೆ ದಡ ಕಾಣದಷ್ಟು ಅಗಲ ಇದು ಯಾವತ್ತೂ ಇರಲಿಲ್ಲ. ಜನರ ಉಡುಗೆಯೂ ನಮ್ಮದಲ್ಲ. ಕೇಳಿದ್ದಕ್ಕೆ, ಹೊಳೆ ಮೇಲೆ ವ್ಯಾಪಾರಕ್ಕೆ ಬರುತ್ತಿದ್ದವರು ಹಾಗೇ ಉಡುತ್ತಿದ್ದರಂತೆ, ಸೇತುವೆ ಆದ ಮೇಲೆ ಬೋಟೂ ನಿಂತಿತು, ಅವರೂ ಬರುವುದು ಬಿಟ್ಟರು ಅಂತ ಅಪ್ಪ ಹೇಳುತ್ತಿದ್ದರು ಎಂದರು. ಪ್ರತಿ ವರ್ಷ ಮೂರನೇ ಕ್ಲಾಸಿನ ಮಕ್ಕಳಿಗೆ ಈ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ಏರಿತು. ನಾನು ಮುಂದೆ ಕೇಳಲಿಲ್ಲ.

ಚಿತ್ರಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಹತ್ತು ಒಂದೇ ಕಾಗದ, ಒಂದೇ ಅಳತೆ. ಅಂಗಡಿಯಲ್ಲಿ ಮಾರುವ ಚಿತ್ರದ ಕಾರ್ಡುಗಳು. ಹನ್ನೊಂದನೆಯದು ಚಿಕ್ಕದು, ಕಾಗದ ಬೇರೆ. ಯಾರೋ ಹೇಳಿ ತೆಗೆಸಿದ್ದು. ಅದರಲ್ಲಿ ಕುರ್ಚಿಯ ಮೇಲೆ ಒಬ್ಬ ಹೆಂಗಸು, ಮಡಿಲಲ್ಲಿ ಒಂದು ಹೆಣ್ಣು ಮಗು, ಹಿಂದೆ ಸ್ಟೀಮರಿನ ಮಗ್ಗುಲು. ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಎರಡು ಸಾಲು. ದುಂಡು ದುಂಡಗಿನ ಅಕ್ಷರ. ಕನ್ನಡವೇ ಇರಬೇಕೆಂದು ದೀಪದ ಹತ್ತಿರ ಹಿಡಿದೆ. ಒಂದಕ್ಷರವೂ ಓದಲಿಕ್ಕೆ ಬರಲಿಲ್ಲ. ಟೀಚರು ಅದನ್ನು ತಮ್ಮ ಕಡೆಗೆ ಎಳೆದುಕೊಂಡು, ಇದು ಬರೀ ಮಗುವಿನ ಚಿತ್ರ, ಇದನ್ನು ಹಾಕುವುದು ಬೇಡ ಎಂದರು. ಮುಂದು, ಬೆನ್ನು ಎರಡನ್ನೂ ಸ್ಕ್ಯಾನ್ ಮಾತ್ರ ಮಾಡಿಟ್ಟುಕೊಂಡೆ.

ಆ ವಾರ ನಾನು ನಾಲ್ಕು ಕಾರ್ಡುಗಳನ್ನು ದೊಡ್ಡದು ಮಾಡಿದೆ. ಮೂರನೆಯದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ಬಲಗಡೆ ಮೂಲೆಯಲ್ಲಿ, ಮರಗಳ ಮೇಲೆ, ಗಂಟೆಯನ್ನು ಬೋರಲು ಹಾಕಿದ ಹಾಗೆ ಕೆಳಗೆ ಅಗಲವಾಗಿ, ಮೇಲೆ ಹೋಗ್ತಾ ಹೋಗ್ತಾ ಸೂಜಿಯಾಗುವ ಒಂದು ಗೋಪುರ ಕಾಣಿಸಿತು. ಅಂಥದ್ದು ಶಿವಮೊಗ್ಗದಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿದೆ. ಸಪ್ಪೆ ಪ್ರದರ್ಶನಕ್ಕೆ ಈ ನಾಲ್ಕೇ ಚಿತ್ರ ಕಳೆ ತರುವಂಥವು. ಆ ಮೂಲೆಯನ್ನು ಕತ್ತರಿಸಿದೆ. ಕತ್ತರಿಸಿದ ಮೇಲೆ ಚೌಕಟ್ಟು ಇನ್ನೂ ಚೆನ್ನಾಗಿ ಕೂತಿತು ಎಂದು ನನಗೆ ನಾನೇ ಹೇಳಿಕೊಂಡೆ. ಕೆಳಗೆ ‘ತುಂಗಾ ತೀರ, ಶಿವಮೊಗ್ಗ’ ಎಂದು ಟೈಪ್ ಮಾಡಿದವನೂ ನಾನೇ.

ಮೊದಲ ಭಾನುವಾರ ಜನ ಬಂದರು. ಸೇತುವೆ, ಮಂಟಪಗಳ ಮುಂದೆ ಯಾರೂ ನಿಲ್ಲಲಿಲ್ಲ, ಎಲ್ಲರೂ ಸ್ಟೀಮರುಗಳ ಮುಂದೆಯೇ. ಟೀಚರು ಇಸ್ತ್ರಿ ಮಾಡಿದ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದರು. ಅವರ ಹಳೇ ವಿದ್ಯಾರ್ಥಿಯೊಬ್ಬ, ಈಗ ಮಾಚೇನಹಳ್ಳಿಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟವನು, ಮಗಳನ್ನು ಭುಜದ ಮೇಲೆ ಕೂರಿಸಿಕೊಂಡು ಬಂದು, ತಾನು ಮೂರನೇ ಕ್ಲಾಸಿನಲ್ಲಿ ನೋಡಿದ್ದ ಚಿತ್ರ ಇದೇ ಎಂದು ತೋರಿಸುತ್ತಿದ್ದ. ಟೀಚರು ಕಡ್ಡಿ ಹಿಡಿದವರ ಹಾಗೆ ಬೆರಳು ಚಾಚಿ ವಿವರಿಸುತ್ತಿದ್ದರು. ಇಲ್ಲಿ ಕಲ್ಲಿದ್ದಲು ತುಂಬುತ್ತಿದ್ದರು, ಇಲ್ಲಿಂದ ಜನ ಹತ್ತುತ್ತಿದ್ದರು.

ಜನರ ನಡುವೆ ಹೊಳೆಬದಿಯ ಕೇರಿಯ ಒಬ್ಬ ಮುದುಕರು ನಿಂತಿದ್ದರು. ಚಿಕ್ಕಂದಿನಿಂದ ತುಂಗೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿದವರು. ಅವರು ಚಿತ್ರಗಳನ್ನು ಬಹಳ ಹೊತ್ತು ನೋಡಿ, ಯಾರಿಗೂ ಅಲ್ಲ ಅನ್ನುವ ಹಾಗೆ ಹೇಳಿದರು.

“ಇದು ನಮ್ಮ ಹೊಳೆ ಅಲ್ಲ. ಬೇಸಿಗೇಲಿ ತೆಪ್ಪ ಹಾಕೋಕೇ ನಾವು ಬಂಡೆ ನೋಡ್ಕೊಂಡು ಹೋಗ್ತಿದ್ವಿ. ಇಷ್ಟು ದೊಡ್ಡ ಹಡಗು ಎಲ್ಲಿ ತೇಲ್ತದೆ?”

ಹೇಳಿದ್ದರಲ್ಲಿ ಕುಹಕ ಇರಲಿಲ್ಲ. ಆದರೆ ಒಬ್ಬರು ನಕ್ಕರು, ಆಮೇಲೆ ಇನ್ನೊಬ್ಬರು. ನಮ್ಮ ಗುಂಪಿನ ಬ್ಯಾಂಕಿನವರು, ಹೌದಲ್ಲ ಮಾರಾಯ, ನೆರೆ ಬಂದಾಗ ಬಿಟ್ರೆ ಇಷ್ಟು ನೀರು ಎಲ್ಲಿತ್ತು ಎಂದು ಪಕ್ಕದವರನ್ನು ಕೇಳಿದರು. ಟೀಚರು ಚಾಚಿದ್ದ ಬೆರಳು ಹಾಗೇ ಇತ್ತು. ಅವರು ತಿರುಗಿ ನನ್ನನ್ನು ನೋಡಿದರು. ಇದನ್ನು ಪ್ರಿಂಟು ಮಾಡಿದವರು ಇವರು, ಇವರಿಗೆ ಗೊತ್ತಿರುತ್ತದೆ ಅನ್ನುವ ಹಾಗೆ. ನಾನು ಬಗ್ಗಿ, ಬಿಗಿಯಾಗಿಯೇ ಇದ್ದ ಒಂದು ದಾರದ ಗಂಟನ್ನು ಬಿಗಿಮಾಡಿದೆ. ಹಳೇ ವಿದ್ಯಾರ್ಥಿ ಮಗಳನ್ನು ಕೆಳಗಿಳಿಸಿ, ಟೀಚರಿಗೆ ನಮಸ್ಕಾರ ಹೇಳಿ ಹೊರಟುಹೋದ. ಮತ್ತೆ ಹತ್ತು ನಿಮಿಷಕ್ಕೆ ಟೀಚರೂ ಬಸ್ಸಿಗೆ ಹೊತ್ತಾಯಿತೆಂದು ಹೋದರು. ಬಿಡಲು ಬರುತ್ತೇನೆ ಎಂದದ್ದಕ್ಕೆ ಬೇಡ ಎಂದರು.

ಮೂರು ದಿನ ನಾನು ಅಂಗಡಿಯಲ್ಲಿ ಕೆಲಸ ಮಾಡಿದೆ. ಕತ್ತರಿಸದ ಚಿತ್ರ ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ನಾಲ್ಕನೆಯ ದಿನ ಅದನ್ನು ಪೂರ್ತಿಯಾಗಿ ಪ್ರಿಂಟು ತೆಗೆದು, ಅವರು ಬಿಟ್ಟುಹೋಗಿದ್ದ ಡಬ್ಬವನ್ನೂ ಚೀಲಕ್ಕೆ ಹಾಕಿಕೊಂಡು ಸ್ಕೂಟರಿನಲ್ಲಿ ಹೊರಟೆ. ಮಲವಗೊಪ್ಪ ದಾಟುವವರೆಗೂ ಅಂಚೆಯಲ್ಲಿ ಕಳಿಸಿಬಿಡಬಹುದಿತ್ತಲ್ಲ ಎಂದು ಯೋಚಿಸುತ್ತಿದ್ದೆ.

ಅವರ ಮನೆ ಫ್ಯಾಕ್ಟರಿಯ ಹಳೇ ಕ್ವಾರ್ಟರ್ಸುಗಳ ಹಿಂದಿನ ಬೀದಿಯಲ್ಲಿ. ಎರಡು ಕೋಣೆ, ಬಾಗಿಲಲ್ಲಿ ಮಧ್ಯಾಹ್ನವಾದರೂ ಮಾಸದ ಕೋಲ, ತಮಿಳರ ರಂಗೋಲಿ. ಎರಡು ಬೀದಿ ಆಚೆ ಇರುವ ಅವರ ಅಣ್ಣನೂ ಅಲ್ಲೇ ಕೂತಿದ್ದರು. ಫ್ಯಾಕ್ಟರಿಯ ಬಾಯ್ಲರಿನಲ್ಲಿ ಕೆಲಸ ಮಾಡಿದವರು, ಕಿವಿ ಸ್ವಲ್ಪ ಮಂದ. ಟೀಚರು ನನ್ನನ್ನು ಕೂರಿಸಿ ಕಾಫಿ ತಂದುಕೊಟ್ಟರು. ಪ್ರದರ್ಶನದ ಮಾತೇ ಎತ್ತಲಿಲ್ಲ. ನಾನು ಎರಡು ಪ್ರಿಂಟುಗಳನ್ನು ಅಕ್ಕಪಕ್ಕ ಇಟ್ಟೆ.

“ಇದು ನಾನು ಕತ್ತರಿಸಿದ್ದು ಟೀಚರ್. ಬೇಕು ಅಂತಲೇ ಕತ್ತರಿಸಿದ್ದು.”

ಅವರು ಕನ್ನಡಕ ಹಾಕಿಕೊಂಡು ಆ ಗೋಪುರವನ್ನು ನೋಡಿದರು. ಚಿಕ್ಕ ಕಾರ್ಡಿನಲ್ಲಿ ಅದು ಹೊಗೆಯ ಕಲೆಯ ಹಾಗೆ ಕಾಣುತ್ತಿತ್ತು ಎಂದರು. ಆಮೇಲೆ, ಹಾಗಾದರೆ ನಿಮಗೆ ಗೊತ್ತಿತ್ತು ಎಂದರು. ಅನುಮಾನ ಇತ್ತು ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ತಮಗೂ ಅನುಮಾನ ಇಲ್ಲದೆ ಇರಲಿಲ್ಲವಂತೆ, ಟೀಚರ್ಸ್ ಟ್ರೈನಿಂಗಿನಲ್ಲಿ ಭೂಗೋಳ ಓದುವಾಗಲೇ ಬಂದಿತ್ತಂತೆ. ಕೇಳಬೇಕಾದವರು ಆಗ ಬದುಕಿದ್ದರು, ನಾನೇ ಕೇಳಲಿಲ್ಲ ಎಂದರು.

ಅಷ್ಟು ಹೊತ್ತೂ ಅಣ್ಣ ಗೋಪುರದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಕೊನೆಗೆ ತಂಗಿಯ ಕಡೆ ನೋಡದೆ ಹೇಳಿದರು.

“ಪಾಪಾ, ಅದು ರಂಗೂನು. ಆ ಚಿಕ್ಕ ಫೋಟೋದಲ್ಲಿರೋ ಮಗು ಅಪ್ಪನ ಮಗಳು.”

ಪಾಪಾ ಎಂದರೆ ಆ ಮನೆಯಲ್ಲಿ ಪುಟ್ಟಿ ಎಂದ ಹಾಗೆ. ಎಪ್ಪತ್ತು ದಾಟಿದ ತಂಗಿಯನ್ನು ಅವರು ಈಗಲೂ ಹಾಗೇ ಕರೆಯುತ್ತಿದ್ದರು. ಆಮೇಲೆ ಅವರು ಹೇಳಿದ್ದನ್ನೆಲ್ಲ ನಾನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಹೇಳುವಾಗ ಅದು ಇಷ್ಟು ಕ್ರಮವಾಗಿರಲಿಲ್ಲ.

ಅವರ ತಂದೆ ಹದಿನೇಳನೇ ವಯಸ್ಸಿಗೆ ಮದ್ರಾಸಿನಿಂದ ಬರ್ಮಾದ ರಂಗೂನಿಗೆ ಹೋಗಿ, ಅಲ್ಲಿಯ ದೊಡ್ಡ ಹೊಳೆಯ ಸ್ಟೀಮರುಗಳಲ್ಲಿ ಬಾಯ್ಲರಿಗೆ ಬೆಂಕಿ ಹಾಕುವ ಕೆಲಸಕ್ಕೆ ಸೇರಿದವರು. ವರ್ಷಗಳ ಮೇಲೆ ಅಲ್ಲಿಯವಳೇ ಒಬ್ಬಳನ್ನು ಮದುವೆಯಾದರು. ಒಂದು ಹೆಣ್ಣು ಮಗುವಾಯಿತು. ಎರಡನೇ ಮಹಾಯುದ್ಧ ಬಂದಾಗ ಅವರ ಬೋಟು ಹೊಳೆಯ ಮೇಲ್ಗಡೆ, ಊರಿಂದ ದಿನಗಟ್ಟಲೆ ದೂರದಲ್ಲಿತ್ತು. ಹೆಂಡತಿ ಮಗು ರಂಗೂನಿನಲ್ಲಿ, ಅವಳ ತಾಯಿಯ ಮನೆಯಲ್ಲಿದ್ದರು. ವಾಪಸು ಹೋಗುವ ದಾರಿ ಮುಚ್ಚಿಹೋಯಿತು. ಶತ್ರುಗಳ ಕೈಗೆ ಸಿಗಬಾರದು ಎಂದು ಬೋಟುಗಳನ್ನು ಮುಳುಗಿಸಲು ಹುಕುಮು ಬಂತು. ತಾನು ಬೆಂಕಿ ಹಾಕುತ್ತಿದ್ದ ಬೋಟಿನ ತಳಕ್ಕೆ ತಾನೇ ಸುತ್ತಿಗೆ ಹಾಕಿ ನೀರು ಬಿಟ್ಟು, ಉಳಿದವರ ಜೊತೆ ಕಾಡು ಬೆಟ್ಟ ದಾಟಿ ನಡೆದು ಬಂದರು. ಸೊಂಟಕ್ಕೆ ಕಟ್ಟಿದ್ದ ಎಣ್ಣೆಬಟ್ಟೆಯ ಗಂಟಿನಲ್ಲಿ ಈ ಹನ್ನೊಂದು ಚಿತ್ರ ಇದ್ದವು.

ಬಾಯ್ಲರು ಗೊತ್ತಿದ್ದವರಿಗೆ ಭದ್ರಾವತಿಯಲ್ಲಿ ಕೆಲಸ ಸಿಕ್ಕಿತು. ಇಲ್ಲಿಂದ ರಂಗೂನಿಗೆ ಎಷ್ಟೋ ಕಾಗದ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ. ಕೆಲವು ವರ್ಷ ಕಾದು, ಇಲ್ಲಿಯೇ ಮದುವೆಯಾದರು. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರಿಗೆ ಎಲ್ಲ ಹೇಳಿದ್ದರಂತೆ. ಅಂದರೆ ಟೀಚರ ತಾಯಿಗೆ ಗೊತ್ತಿತ್ತು. ಡಬ್ಬವನ್ನು ತನ್ನ ಸೀರೆಗಳ ಕೆಳಗೆ ಜೋಪಾನವಾಗಿಟ್ಟವರು ಅವರೇ.

ಅಣ್ಣ ಬಾಯ್ಲರಿಗೆ ಕೆಲಸಕ್ಕೆ ಸೇರಿದ ದಿನ ತಂದೆ ಇದನ್ನೆಲ್ಲ ಅವರಿಗೆ ಹೇಳಿದರಂತೆ. ನೀರು ಕಡಿಮೆಯಾದಾಗ ಬಾಯ್ಲರು ಹೇಗೆ ಸದ್ದು ಮಾಡುತ್ತದೆ ಎಂದು ಮೊದಲು ಹೇಳಿ, ಆಮೇಲೆ ಇದನ್ನು ಹೇಳಿದರಂತೆ. ತಂಗಿಗೆ ಹೇಳಬೇಡ ಎಂದೂ ಹೇಳಿದರಂತೆ.

ಟೀಚರು ಒಂದೇ ಕೇಳಿದರು. ರಂಗೂನನ್ನು ಶಿವಮೊಗ್ಗ ಅಂತ ಯಾಕೆ ಹೇಳಬೇಕಾಗಿತ್ತು?

ಅಣ್ಣನಿಗೆ ಅದೂ ಗೊತ್ತಿತ್ತು. ಟೀಚರಿಗೆ ಐದು ವರ್ಷವಿದ್ದಾಗ ಡಬ್ಬ ಹೇಗೋ ಕೈಗೆ ಸಿಕ್ಕಿತ್ತು. ಈ ಪಾಪು ಯಾರು, ಎಲ್ಲಿದೆ ಎಂದು ತಂದೆಯನ್ನು ಕೇಳಿದರು. ತಂದೆಗೆ ದೂರದ ಊರಿನ ಹೆಸರು ಬಾಯಿಗೆ ಬರಲಿಲ್ಲ. ಇಲ್ಲೇ, ಶಿವಮೊಗ್ಗದಲ್ಲೇ ಇದೆ ಎಂದುಬಿಟ್ಟರು. ಬಸ್ಸಿನಲ್ಲಿ ಕೂತರೆ ಮುಟ್ಟುವಷ್ಟು ದೂರ. ಆಮೇಲೆ ಹಡಗು ಯಾಕೆ ಇಲ್ಲ, ಸೇತುವೆ ಯಾವಾಗ ಬಂತು ಎಂದು ಮಗು ಕೇಳುತ್ತಾ ಹೋದ ಹಾಗೆ ಒಂದಕ್ಕೊಂದು ಸೇರಿಸಿದರು. ಅಣ್ಣನ ಮಾತಿನಲ್ಲೇ ಹೇಳುವುದಾದರೆ, ‘ಹಂಗೆ ಹೇಳ್ಕೊಂಡಾದ ಮೇಲೆ ಅಪ್ಪನಿಗೆ ಆ ಮಗು ಹತ್ತಿರ ಆದಂಗೆ ಆಯ್ತಂತೆ’.

ಟೀಚರು ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ವಾಪಸು ಬಂದಾಗ ಮುಖ ತೊಳೆದಿದ್ದರು. ಚಿಕ್ಕವಳಿದ್ದಾಗ ಶಿವಮೊಗ್ಗದ ಬಸ್ಸಿನಲ್ಲಿ ಹೋಗುವಾಗೆಲ್ಲ ಕಿಟಕಿಯಿಂದ ಆ ಮಗುವನ್ನು ಹುಡುಕುತ್ತಿದ್ದೆ, ಪಕ್ಕದಲ್ಲಿ ಕೂತ ಅಪ್ಪ ಅದನ್ನು ನೋಡುತ್ತಿದ್ದಿರಬೇಕು ಎಂದರು. ನಾನು ಹೊರಟಾಗ, ಎರಡನೇ ಭಾನುವಾರಕ್ಕೆ ಚಿತ್ರಗಳನ್ನು ತೆಗೆಯಬೇಡಿ, ಚೀಟಿ ಮಾತ್ರ ನಾನು ಬರೆದು ತರುತ್ತೇನೆ ಎಂದರು.

ನಮ್ಮ ವಾಕಿಂಗ್ ಗುಂಪಿನವರಿಗೆ ಇದು ಹಿಡಿಸಲಿಲ್ಲ. ಶಿವಮೊಗ್ಗದ ಹೊಳೆಯ ಪ್ರದರ್ಶನದಲ್ಲಿ ಬರ್ಮಾದ ಚಿತ್ರ ಯಾಕೆ ಎಂದು ಮಂಡಿಯವರು ಕೇಳಿದರು. ಆಗ ನಾನು ಮೂಲೆ ಕತ್ತರಿಸಿದ ವಿಷಯವನ್ನು ಅವರಿಗೂ ಹೇಳಿದೆ. ಕೊನೆಗೆ ಮೇಷ್ಟ್ರೊಬ್ಬರು, ಅವರು ಇಷ್ಟ ಬಂದದ್ದು ಬರೆದು ಹಾಕಲಿ ಬಿಡಿ ಎಂದರು.

ಟೀಚರು ಬರೆದು ತಂದ ಚೀಟಿ ಕಪ್ಪುಹಲಗೆಯ ಮೇಲಿನ ಹಾಗೆ ದೊಡ್ಡ ಅಕ್ಷರಗಳಲ್ಲಿತ್ತು. ‘ಇದು ತುಂಗಾ ನದಿಯಲ್ಲ. ಇದು ಬರ್ಮಾ ದೇಶದ ರಂಗೂನು. ಈ ಸ್ಟೀಮರುಗಳಲ್ಲಿ ನನ್ನ ತಂದೆ ಬೆಂಕಿ ಹಾಕುತ್ತಿದ್ದರು. ಇದು ತುಂಗಾ ಎಂದು ನಾನು ಮೂವತ್ತೈದು ವರ್ಷ ಮಕ್ಕಳಿಗೆ ತಪ್ಪಾಗಿ ಕಲಿಸಿದ್ದೇನೆ.’ ಕೆಳಗೆ ಸಹಿ. ನಾಲ್ಕು ಚಿತ್ರಗಳ ಪಕ್ಕಕ್ಕೆ ಹನ್ನೊಂದನೆಯದನ್ನೂ ಹಾಕಿಸಿದರು. ಅದಕ್ಕೆ ಚೀಟಿ ಬರೆಯಲಿಲ್ಲ.

ತೆಪ್ಪದ ಮುದುಕರು ಆವತ್ತೂ ಬಂದಿದ್ದರು. ಚೀಟಿ ಓದಿಸಿ ಕೇಳಿದರು. ಟೀಚರ ಜೊತೆ ಬಂದಿದ್ದ ಅಣ್ಣನನ್ನು ಕಂಬಿಗೆ ಒರಗಿಸಿ ನಿಲ್ಲಿಸಿಕೊಂಡು, ಮರಳು ಎದ್ದ ಕಡೆ ಆ ಹಡಗು ಹೇಗೆ ಹೋಗುತ್ತಿತ್ತು ಎಂದು ವಿಚಾರಿಸಿದರು. ಅಪ್ಪ ಹೇಳಿದ್ದನ್ನು ಅಣ್ಣ ಹೇಳಿದರು. ಅಷ್ಟು ದೊಡ್ಡ ಬೋಟಿಗೂ ಮೂರು ನಾಲ್ಕು ಅಡಿ ನೀರು ಸಾಕಾಗುತ್ತಿತ್ತಂತೆ, ಮುಂದೆ ನಿಂತ ಇಬ್ಬರು ಬಿದಿರಿನ ಗಳ ಊರಿ ಆಳ ಕೂಗಿ ಹೇಳುತ್ತಿದ್ದರಂತೆ. ಗಳ ಊರುವುದನ್ನು ಕೇಳಿ ಮುದುಕರು ತಲೆಯಾಡಿಸಿದರು. ಇಬ್ಬರೂ ಒಂದು ಗಂಟೆ ನೀರು ನೋಡಿಕೊಂಡು ಮಾತಾಡಿದರು. ಒಬ್ಬರಿಗೆ ಕಿವಿ ಮಂದವಾದ್ದರಿಂದ ಎಲ್ಲರಿಗೂ ಕೇಳಿಸುತ್ತಿತ್ತು. ವರ್ಕ್‌ಶಾಪಿನವನು ಬರಲಿಲ್ಲ. ಟೀಚರು ಎರಡು ಸಲ ರಸ್ತೆಯ ಕಡೆ ನೋಡಿದರು. ಆಮೇಲೆ ಅವನ ನಂಬರು ಹುಡುಕಿ, ತಾವೇ ಫೋನು ಮಾಡಿ ಹೇಳಿದರಂತೆ.

ಉಳಿದದ್ದು ಚಿಕ್ಕ ಚಿತ್ರದ ಬೆನ್ನಿನ ಆ ಎರಡು ಸಾಲು. ಅಣ್ಣನ ಸೊಸೆಯ ಕಡೆಯವರು ಚೆನ್ನೈಯಲ್ಲಿದ್ದಾರೆ. ಅಲ್ಲಿ ಬರ್ಮಾದಿಂದ ವಾಪಸಾದ ಕುಟುಂಬಗಳು ಬೇಕಾದಷ್ಟಿವೆ. ನಾನು ಆ ಬೆನ್ನಿನ ಸ್ಕ್ಯಾನನ್ನು ಸ್ವಲ್ಪ ಕಪ್ಪು ಮಾಡಿ ಕಳಿಸಿಕೊಟ್ಟೆ. ಅದು ಯಾರ್ಯಾರದೋ ಫೋನು ದಾಟಿ, ಬರ್ಮಾದ ಅಕ್ಷರ ಬಲ್ಲ ಒಬ್ಬ ಮುದುಕಿಯನ್ನು ಮುಟ್ಟಿತು. ಮೂರು ವಾರದ ಮೇಲೆ ಅವರ ದನಿಯಲ್ಲಿ ತಮಿಳಿನಲ್ಲಿ ಒಂದು ಮೆಸೇಜು ಬಂತು. ಆ ದಿನ ಟೀಚರು, ಅಣ್ಣ ಇಬ್ಬರೂ ಪ್ರಿಂಟು ತೆಗೆದುಕೊಂಡು ಹೋಗಲು ನನ್ನ ಅಂಗಡಿಗೆ ಬಂದಿದ್ದರು. ಟೀಚರು ಅದನ್ನು ನನಗೆ ಕನ್ನಡದಲ್ಲಿ ಹೇಳಿದರು. ‘ಮಗಳಿಗೆ ಎರಡು ವರ್ಷ. ಬೋಟಿನಲ್ಲಿ ಇಟ್ಟುಕೊಂಡು ನೋಡುವುದಕ್ಕೆ.’

ಅಣ್ಣನಿಗೆ ಕೇಳಿಸಿರಲಿಲ್ಲ. ಅವರ ಕಿವಿಯ ಹತ್ತಿರ ಬಗ್ಗಿ ಇನ್ನೊಂದು ಸಲ ಹೇಳಿದರು. ಅಣ್ಣ ಬೆರಳು ಮಡಿಚಿ ಲೆಕ್ಕ ಹಾಕಿ, ಇದ್ದಿದ್ದರೆ ಅವಳಿಗೆ ಈಗ ಎಂಬತ್ತೈದರ ಮೇಲಾಗಿರುತ್ತಿತ್ತು ಎಂದರು.

“‘ಇದ್ರೆ’ ಅನ್ನು ಅಣ್ಣ,” ಎಂದರು ಟೀಚರು.

ಅವರು ಚಿಕ್ಕ ಚಿತ್ರದ ಮೂರು ಪ್ರತಿ ಮಾಡಿಸಿದ್ದರು. ಒಂದು ಅಣ್ಣನಿಗೆ, ಒಂದು ತಮಗೆ. ಮೂರನೆಯದನ್ನು ಚೆನ್ನೈಯ ಮುದುಕಿಗೆ ಕಳಿಸುತ್ತೇವೆ, ಅವರ ಕಡೆಯವರು ಈಗಲೂ ರಂಗೂನಿಗೆ ಹೋಗಿಬರುತ್ತಾರಂತೆ ಎಂದರು. ನಾನು ಅದನ್ನು ಗಟ್ಟಿ ರಟ್ಟಿನ ನಡುವೆ ಇಟ್ಟು, ಸುತ್ತ ಟೇಪು ಹಾಕಿಕೊಟ್ಟೆ. ವಿಳಾಸವನ್ನು ಅವರೇ ಬರೆದರು.